ಹರಟೆಮಲ್ಲರ ಮನೆಯ ಚಾತಕ

ಚಾತಕವನ್ನು ನೋಡಬೇಕೆಂದಿದ್ದರೆ ಅದನ್ನು ಹುಡುಕಿಕೊಂಡು ಹೋಗಬಾರದು, ಹರಟೆಮಲ್ಲಗಳ ಬೆನ್ನು ಹಿಡಿಯಬೇಕು. ಹಕ್ಕಿ ನೋಡುವ ಗೆಳೆಯರಿಗೆಲ್ಲ ಇದನ್ನು ಎಷ್ಟೋ ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಈ ಸಲ ರೋಹಿಣಿ ಮಳೆ ಒಂದೆರಡು ಹದ ಬಿದ್ದ ಮೇಲೆ ಹೆಸರಘಟ್ಟದ ಹುಲ್ಲುಗಾವಲಿನ ಅಂಚಿಗೆ ಹೋದಾಗ ಆ ಉಪಾಯ ಮತ್ತೆ ಕೈಹಿಡಿಯಿತು. ಅದರ ಖುಷಿ ಇನ್ನೂ ಇಳಿದಿಲ್ಲ.

ಬೆಳಿಗ್ಗೆ ಹರಟೆಮಲ್ಲಗಳ ಗುಂಪು ಸಿಕ್ಕ ಕೂಡಲೇ ದುರ್ಬೀನು ಕೆಳಗಿಳಿಸಿ ಅವುಗಳ ಮಾತಿಗೆ ಕಿವಿಗೊಡಬೇಕು. ತರಗೆಲೆ ಮಗುಚುತ್ತ ಸಾಗುವಾಗಿನ ಗೊಣಗಾಟ ಒಂದು ಥರ, ಹಾವನ್ನೋ ಮುಂಗುಸಿಯನ್ನೋ ಕಂಡಾಗಿನ ರಂಪ ಇನ್ನೊಂದು ಥರ. ಗುಂಪು ಒಂದೇ ಪೊದೆಯ ಸುತ್ತಮುತ್ತ ಸುಳಿದಾಡುತ್ತ ಬೇರೆಡೆ ಹೋಗಲು ಒಪ್ಪದಿದ್ದರೆ, ಅದರಲ್ಲೊಂದು ಒಣಹುಲ್ಲಿನ ಎಳೆ ಕಚ್ಚಿಕೊಂಡು ಜಾಲಿಯ ಮುಳ್ಳಿನೊಳಕ್ಕೆ ನುಸುಳಿದರೆ, ಅಲ್ಲಿ ಗೂಡು ಇದೆ ಅಂತಲೇ ತಿಳಿಯಿರಿ. ಹತ್ತಿರ ಹೋಗಬೇಡಿ. ಬಿಸಿಲಿಗೆ ಬೆನ್ನು ಮಾಡಿ ದೂರದ ಮರದ ಬುಡದಲ್ಲಿ ಕೂತರೆ ಸಾಕು. ಅದೇ ದಿನ ಚಾತಕ ಬಂದೇ ಬರುತ್ತದೆಂದು ಹೇಳಲಾರೆ. ಆದರೆ ಕೋಗಿಲೆ ಜಾತಿಯ ಈ ಹಕ್ಕಿ ಮೊಟ್ಟೆಯಿಡುವುದು ಹರಟೆಮಲ್ಲಗಳ ಗೂಡಿನಲ್ಲೇ, ಹಾಗಾಗಿ ಹತ್ತಿರದಲ್ಲಿ ಹೆಣ್ಣು ಚಾತಕ ಇದ್ದರೆ ಆ ಪೊದೆಯ ಮೇಲೆ ಅದು ನಿಮಗಿಂತ ಮೊದಲೇ ಕಣ್ಣಿಟ್ಟಿರುತ್ತದೆ.

ಮೊದಲು ದನಿ. ಪಿಯೂ, ಪಿಯೂ, ಪೀ ಪೀ ಪಿಯೂ ಎಂದು ಖಣಖಣಿಸುವ ಕೂಗು. ಆಮೇಲೆ ಜಾಲಿಯ ತುದಿಯಲ್ಲಿ ಹಕ್ಕಿ: ಮೇಲೆಲ್ಲ ಕಪ್ಪು, ಕೆಳಗೆಲ್ಲ ಬಿಳುಪು, ನೆತ್ತಿಯಿಂದ ಹಿಂದಕ್ಕೆ ಚಾಚಿದ ಚೂಪು ಜುಟ್ಟು. ಹಾರಿದಾಗ ರೆಕ್ಕೆಯ ಮೇಲಿನ ಬಿಳಿ ಮಚ್ಚೆಯೂ ಬಾಲದ ಗರಿಗಳ ಬಿಳಿ ತುದಿಯೂ ಮೋಡದ ಬೆಳಕಿನಲ್ಲೂ ಎದ್ದು ಕಾಣುತ್ತವೆ. ಹರಟೆಮಲ್ಲಗಳ ದನಿ ತಟ್ಟನೆ ಬದಲಾಗುತ್ತದೆ. ಇಡೀ ಗುಂಪು ಮೇಲೆ ಬಿದ್ದು ಅದನ್ನು ಅಟ್ಟುತ್ತದೆ. ಚಾತಕ ನಾಲ್ಕು ಮರದಾಚೆ ಹೋಗಿ ಕೂತು ಮತ್ತೆ ಕೂಗುತ್ತದೆ. ಈ ಓಡಾಟವನ್ನು ನೋಡುತ್ತಿದ್ದರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಮೊಟ್ಟೆಯಿಡುವ ಕೆಲಸ ಬೆಳಗಿನ ಹೊತ್ತು, ಅದೂ ಬಲು ಅವಸರದಲ್ಲಿ ನಡೆಯುತ್ತದೆ. ಹೆಣ್ಣು ಗೂಡಿನೊಳಗೆ ಕೂರುವುದಿಲ್ಲ. ಅಂಚಿನ ಮೇಲೆ ನಿಂತು ಮೇಲಿನಿಂದಲೇ ಮೊಟ್ಟೆ ಬೀಳಿಸಿ ಹೊರಡುತ್ತದೆ. ಬಿದ್ದ ಪೆಟ್ಟಿಗೆ ಎಷ್ಟೋ ಸಲ ಹರಟೆಮಲ್ಲದ ಒಂದೆರಡು ಮೊಟ್ಟೆ ಬಿರುಕು ಬಿಡುತ್ತವೆ. ಹರಟೆಮಲ್ಲದ ಮೊಟ್ಟೆ ಅಚ್ಚ ನೀಲಿ, ಚಾತಕದ್ದೂ ಅದೇ ನೀಲಿ. ನನ್ನನ್ನು ಇಂದಿಗೂ ಬೆರಗುಗೊಳಿಸುವ ಸಂಗತಿ ಮುಂದಿನದು: ಆಫ್ರಿಕಾದ ದಕ್ಷಿಣ ಭಾಗದಲ್ಲಿ ಇದೇ ಜಾತಿಯ ಹಕ್ಕಿ ಪಿಕಳಾರಗಳ ಗೂಡಿನಲ್ಲಿ ಬಿಳಿ ಮೊಟ್ಟೆ ಇಡುತ್ತದೆ. ಪಿಕಳಾರದ ಚುಕ್ಕೆಮೊಟ್ಟೆಗೂ ಆ ಬಿಳಿ ಮೊಟ್ಟೆಗೂ ಹೋಲಿಕೆಯೇ ಇಲ್ಲ, ಆದರೂ ಅಲ್ಲಿ ಅದರ ಬದುಕು ನಡೆಯುತ್ತಿದೆ. ನಮ್ಮ ಕಡೆಯ ಹರಟೆಮಲ್ಲಗಳ ಕಣ್ಣು ಇನ್ನಷ್ಟು ಚುರುಕಿರಬೇಕು, ಅದಕ್ಕೇ ಇಲ್ಲಿನ ಚಾತಕ ಬಣ್ಣ ಹೊಂದಿಸಿಕೊಳ್ಳಬೇಕಾಯಿತು ಎಂಬುದು ನನ್ನ ಊಹೆ.

ಕೋಗಿಲೆ ಜಾತಿಯನ್ನೆಲ್ಲ ಕಳ್ಳರ ಕುಲ ಎಂದು ಬೈಯುವವರಿಗೆ ಇನ್ನೊಂದು ಮಾತು ಹೇಳಬೇಕು. ಯುರೋಪಿನ ಕುಕ್ಕೂ ಹಕ್ಕಿಯ ಮರಿ ಕಣ್ಣು ತೆರೆಯುವ ಮೊದಲೇ ಗೂಡಿನಲ್ಲಿರುವ ಇತರ ಮೊಟ್ಟೆ ಮರಿಗಳನ್ನು ಬೆನ್ನಿನಿಂದ ನೂಕಿ ಹೊರಗೆ ಹಾಕುತ್ತದೆ. ಚಾತಕದ ಮರಿ ಹಾಗೆ ಮಾಡುವುದಿಲ್ಲ, ಹರಟೆಮಲ್ಲದ ಮಕ್ಕಳ ಜೊತೆಯಲ್ಲೇ ಬೆಳೆಯುತ್ತದೆ. ಒಂದೇ ಗೂಡಿನಿಂದ ಎರಡು ಚಾತಕದ ಮರಿಗಳು ಹಾರಿಹೋದದ್ದೂ ದಾಖಲಾಗಿದೆ. ಹರಟೆಮಲ್ಲಗಳದ್ದು ಕೂಡು ಕುಟುಂಬ. ಅಪ್ಪ ಅಮ್ಮ ಮಾತ್ರವಲ್ಲ, ಗುಂಪಿನ ದೊಡ್ಡವು ಸಣ್ಣವು ಎಲ್ಲವೂ ಮರಿಗೆ ಗುಟುಕು ತರುತ್ತವೆ. ಎ. ಜೆ. ಗ್ಯಾಸ್ಟನ್ ದೆಹಲಿಯಲ್ಲಿ ಹರಟೆಮಲ್ಲಗಳನ್ನೂ ಚಾತಕವನ್ನೂ ಜೊತೆಜೊತೆಯಲ್ಲಿ ಅಧ್ಯಯನ ಮಾಡಿ 1976ರಲ್ಲಿ ಪ್ರಕಟಿಸಿದ ಬರಹ ಈ ವಿಷಯದಲ್ಲಿ ಇವತ್ತಿಗೂ ಓದಬೇಕಾದದ್ದು. ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಅರಿಯಲಾಗದು ಎಂಬ ನನ್ನ ಹಟಕ್ಕೆ ಅದೇ ಬೆಂಬಲ.

ಗೂಡು ಬಿಟ್ಟ ಮರಿಯನ್ನು ನೋಡಬೇಕು ನೀವು. ಮಾಸಲು ಕಂದು ಬೆನ್ನು, ಹೊಟ್ಟೆಯಲ್ಲಿ ತೆಳು ಹಳದಿ ಛಾಯೆ, ಇನ್ನೂ ಗಿಡ್ಡ ಜುಟ್ಟು. ರೆಂಬೆಯ ಮೇಲೆ ಕೂತು ರೆಕ್ಕೆ ಅದುರಿಸುತ್ತ ಬಾಯಿ ತೆರೆಯುತ್ತದೆ. ಮಣ್ಣು ಬಣ್ಣದ ಹರಟೆಮಲ್ಲಗಳು ಒಂದರ ಹಿಂದೆ ಒಂದು ಬಂದು ಹುಳು ತುರುಕಿ ಹೋಗುತ್ತವೆ. ಒಂದು ಸಲ ಪಾಳಿ ತಪ್ಪಿ ಎರಡು ಹರಟೆಮಲ್ಲಗಳು ಒಟ್ಟಿಗೇ ಬಂದವು. ಹಿಂದಿನದು ಕೊಕ್ಕಿನಲ್ಲಿದ್ದ ಮಿಡತೆಯನ್ನು ಬಿಡದೆ ಮುಂದಿನದು ಹಾರುವವರೆಗೂ ಕಾದು, ಆಮೇಲೆ ಹತ್ತಿರ ಸರಿದು ಮರಿಯ ಬಾಯಿಗಿಟ್ಟಿತು. ಮರಿ ನುಂಗಿತು, ಮತ್ತೆ ಬಾಯಿ ತೆರೆಯಿತು.

ದೊಡ್ಡದಾದ ಮೇಲೆ ಅದರ ಊಟ ಕಂಬಳಿಹುಳು. ಬೇರೆ ಹಕ್ಕಿಗಳು ಮುಟ್ಟಲು ಹಿಂಜರಿಯುವ ಕೂದಲು ಹುಳವನ್ನು ಚಾತಕ ತಿನ್ನುವ ರೀತಿ ನನಗೆ ಅಚ್ಚುಮೆಚ್ಚು. ಹುಳದ ಒಂದು ತುದಿಯನ್ನು ಕೊಕ್ಕಿನಲ್ಲಿ ಹಿಡಿದು ಇನ್ನೊಂದು ತುದಿಯವರೆಗೂ ಹಿಸುಕುತ್ತ ಹೋಗುತ್ತದೆ. ಒಳಗಿನ ಕರುಳೆಲ್ಲ ಹಿಂಡಿ ಆಚೆ ಬಿದ್ದ ಮೇಲೆ ತಲೆ ಮೇಲೆತ್ತಿ ನುಂಗುತ್ತದೆ. ಮೊದಲ ಮಳೆಗೆ ಎಲೆ ಚಿಗುರುತ್ತದೆ, ಚಿಗುರಿಗೆ ಹುಳು ಹತ್ತುತ್ತದೆ, ಹುಳಕ್ಕೆ ಚಾತಕ ಬರುತ್ತದೆ. ಮಳೆಗೂ ಈ ಹಕ್ಕಿಗೂ ಇರುವ ನಂಟಿನಲ್ಲಿ ಹನಿಗಿಂತ ಕಂಬಳಿಹುಳುವಿನ ಪಾಲು ದೊಡ್ಡದು.

ಹನಿಯ ಮಾತು ಬಂತಲ್ಲ. ಪಿಂಚಣಿಗೆ ಕಾದವರು, ಬರ ಪರಿಹಾರಕ್ಕೆ ಕಾದವರು, ಮಂತ್ರಿಗಿರಿಗೆ ಕಾದವರು, ಎಲ್ಲರೂ ನಮ್ಮ ಪತ್ರಿಕೆಗಳಲ್ಲಿ ಚಾತಕ ಪಕ್ಷಿಗಳೇ. ಕಾಳಿದಾಸನ ಮೇಘದೂತದಲ್ಲಿ ಯಕ್ಷ ಮೋಡವನ್ನು ಬೀಳ್ಕೊಡುವಾಗ ಎಡಗಡೆ ಚಾತಕ ಇಂಪಾಗಿ ಕೂಗುತ್ತದೆ. ಕಾವ್ಯದ ಕೊನೆಯ ಭಾಗದಲ್ಲಿ, ಕೇಳಿದ ಚಾತಕಗಳಿಗೆ ಮಾತಾಡದೆಯೇ ನೀರು ಕೊಡುವವನು ನೀನು ಎಂದು ಯಕ್ಷ ಮೋಡವನ್ನು ಹೊಗಳುತ್ತಾನೆ. ಬೇಂದ್ರೆಯವರು ಅದನ್ನು ಕನ್ನಡಕ್ಕೆ ತಂದದ್ದರಿಂದ ಆ ಕೂಗು ಧಾರವಾಡದ ಮಣ್ಣಿಗೂ ಸೇರಿತು. ಭರ್ತೃಹರಿ ನೀತಿಶತಕದಲ್ಲಿ ಚಾತಕವನ್ನೇ ಗೆಳೆಯನೆಂದು ಕರೆದು, ಎಲ್ಲ ಮೋಡವೂ ಮಳೆ ಸುರಿಸುವುದಿಲ್ಲ, ಕಂಡಕಂಡವರ ಮುಂದೆ ದೈನ್ಯ ತೋರಬೇಡ ಎಂದು ಬುದ್ಧಿ ಹೇಳುತ್ತಾನೆ. ಇವರಿಬ್ಬರ ಮೇಲೂ ನನಗೆ ತಕರಾರಿಲ್ಲ. ಮುಂಗಾರಿನ ಮೊದಲ ಮೋಡದ ಜೊತೆ ಈ ಹಕ್ಕಿಯ ಕೂಗನ್ನು ಕೇಳಿಸಿಕೊಂಡ ಕಿವಿ ಅದು, ಸರಿಯಾಗಿಯೇ ಕೇಳಿಸಿಕೊಂಡಿದೆ.

ತಕರಾರು ಇರುವುದು ಸ್ವಾತಿ ಮಳೆಯ ಹನಿಯನ್ನಷ್ಟೇ ಕುಡಿಯುತ್ತದೆ ಎಂಬ ಕಥೆಯ ಮೇಲೆ. ಸ್ವಾತಿ ಹುಟ್ಟುವುದು ಅಕ್ಟೋಬರ್ ಕೊನೆಗೆ. ಉತ್ತರ ಭಾರತದ ಚಾತಕಗಳು ಅಷ್ಟು ಹೊತ್ತಿಗೆ ಗಂಟುಮೂಟೆ ಕಟ್ಟಿ ಆಫ್ರಿಕಾದ ದಾರಿ ಹಿಡಿದಿರುತ್ತವೆ. ಜೂನಿನಿಂದ ಬಾಯಾರಿ ಕೂತು, ಹನಿ ಬೀಳುವಾಗ ಹೊರಟುಹೋಗುವ ಹಕ್ಕಿ ಎಲ್ಲಾದರೂ ಉಂಟೆ? ಬಂಗಾಳದ ಪಕ್ಷಿತಜ್ಞ ಸತ್ಯಚರಣ ಲಾಹಾ ಇನ್ನೊಂದು ದಾರಿ ತೋರಿಸಿದರು. ಬಂಗಾಳದಲ್ಲಿ ಜನ ಚಾತಕವೆಂದು ಬಗೆದದ್ದು ಮಧುರಕಂಠವನ್ನು. ಅವರು ಸಾಕಿದ್ದ ಮಧುರಕಂಠವೊಂದು ಎಲೆಯ ಮೇಲಿನ ಇಬ್ಬನಿ, ತುಂತುರು ಬಿಟ್ಟು ಬೇರೆ ನೀರು ಕುಡಿಯುತ್ತಿರಲಿಲ್ಲವಂತೆ. ಹನಿಯ ಕಥೆ ಹುಟ್ಟಿದ್ದು ಅಲ್ಲಿಂದ ಇರಬಹುದು ಎಂದು ಅವರು ಬರೆದರು. ಒಂದು ಹಕ್ಕಿಯನ್ನು ಪಂಜರದಲ್ಲಿಟ್ಟು ಅದು ನೀರು ಹೇಗೆ ಕುಡಿಯುತ್ತದೆಂದು ದಿನವೂ ಗಮನಿಸಿದವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಇನ್ನು ಪ್ರತಿವರ್ಷ ಮೇ ತಿಂಗಳಲ್ಲಿ ನನ್ನ ನೆಮ್ಮದಿ ಕೆಡಿಸುವ ಸುದ್ದಿಯೊಂದಿದೆ: ಆಫ್ರಿಕಾದಿಂದ ಬೆಂಗಳೂರಿಗೆ ಬಂದಿಳಿದ ಚಾತಕ, ಮಳೆ ಇನ್ನೇನು ಬಂತು. ಈ ಹಕ್ಕಿಯಲ್ಲಿ ಒಳಬಗೆಗಳಿವೆ. ಸಮುದ್ರ ದಾಟಿ ಮುಂಗಾರಿನ ಗಾಳಿಯೊಂದಿಗೆ ಬರುವುದು ಒಂದು. ದಕ್ಷಿಣ ಭಾರತ, ಶ್ರೀಲಂಕಾಗಳಲ್ಲೇ ಉಳಿದು ಮಳೆಯ ಹಿಂದೆ ಅತ್ತಿತ್ತ ಓಡಾಡುವುದು ಇನ್ನೊಂದು. ಅದು ತುಸು ಚಿಕ್ಕದು, ಆದರೆ ಜಾಲಿಯ ತುದಿಯಲ್ಲಿ ಕೂತ ಹಕ್ಕಿ ಎರಡರಲ್ಲಿ ಯಾವುದೆಂದು ದುರ್ಬೀನಿನಲ್ಲಿ ನೋಡಿ ಹೇಳಲಾಗದು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಿಂದ 2007ರಲ್ಲಿ ಶುರುವಾದ ಮೈಗ್ರಂಟ್‌ವಾಚ್ ಯೋಜನೆ ಇದೇ ಗೋಜಲನ್ನು ಬಿಡಿಸಲು ಸಾಮಾನ್ಯರ ಕಣ್ಣನ್ನೇ ನಂಬಿತು. ಊರೂರಿನವರು ಮೊದಲ ಚಾತಕ ಕಂಡ ದಿನವನ್ನು ಬರೆದು ಕಳಿಸಿದರು. 2020ರಲ್ಲಿ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯವರು ಎರಡು ಚಾತಕಗಳಿಗೆ ಮೇಘ, ಚಾತಕ ಎಂದು ಹೆಸರಿಟ್ಟು ಉಪಗ್ರಹ ಸಾಧನ ಕಟ್ಟಿ ಹಾರಿಬಿಟ್ಟರು. ಇಷ್ಟು ಜನ ಇಷ್ಟು ಶ್ರದ್ಧೆಯಿಂದ ಹುಡುಕುತ್ತಿರುವುದನ್ನು ಒಂದು ಸುದ್ದಿಯ ತಲೆಬರಹ ಎರಡೇ ಸಾಲಿನಲ್ಲಿ ಇತ್ಯರ್ಥ ಮಾಡಿಬಿಡುವುದು ಸರಿಯಲ್ಲ. ನಮ್ಮ ಊರಿನಲ್ಲೇ ಹುಟ್ಟಿ ಬೆಳೆದ ಹಕ್ಕಿಗೆ ಪರದೇಶದ ಪಾಸ್‌ಪೋರ್ಟು ಕೊಡಬೇಡಿ.

ಇದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಸ್ಪೀಕರು. ಹೋದ ವರ್ಷ ತುಮಕೂರು ಕಡೆಯ ಒಂದು ಕೆರೆಯ ಏರಿಯಲ್ಲಿ ಕೂತಿದ್ದಾಗ ಎಲ್ಲಿಂದಲೋ ಚಾತಕದ ಕೂಗು ಬಂತು. ಕೂಗಿಗೂ ಕೂಗಿಗೂ ನಡುವೆ ಒಂದೇ ಅಂತರ, ಒಂದೇ ಏರು, ಒಂದೇ ಇಳಿತ. ನೋಡಿದರೆ ನಾಲ್ಕೈದು ಹುಡುಗರು, ಉದ್ದನೆಯ ಲೆನ್ಸುಗಳು, ಪೊದೆಯ ಬುಡದಲ್ಲಿ ಬ್ಲೂಟೂತ್ ಸ್ಪೀಕರು. ಗಂಡು ಚಾತಕವೊಂದು ಜುಟ್ಟು ನಿಮಿರಿಸಿಕೊಂಡು ಅದರ ಮೇಲಿನ ರೆಂಬೆಯಿಂದ ರೆಂಬೆಗೆ ಜಿಗಿಯುತ್ತಿತ್ತು.

‘ಎರಡೇ ನಿಮಿಷ ಸಾರ್, ಒಂದು ಫ್ಲೈಟ್ ಶಾಟ್ ಸಿಕ್ರೆ ಹೊರಟುಬಿಡ್ತೀವಿ.’

‘ಅದು ತನ್ನ ಜಾಗ ಕಾಯೋ ಹೊತ್ತು ಕಣಪ್ಪಾ. ಅದಕ್ಕೆ ಇಲ್ಲದ ಶತ್ರುವನ್ನ ಯಾಕೆ ತೋರಿಸ್ತೀರಿ?’

‘ಎಲ್ಲರೂ ಹಾಕ್ತಾರೆ ಸಾರ್.’

ಎಲ್ಲರೂ ಹಾಕುತ್ತಾರೆ ಎಂಬುದೇ ನನ್ನ ಸಿಟ್ಟಿಗೆ ಕಾರಣ. ಒಬ್ಬರ ಎರಡು ನಿಮಿಷ ಮುಗಿದರೆ ಇನ್ನೊಬ್ಬರ ಎರಡು ನಿಮಿಷ ಶುರುವಾಗುತ್ತದೆ. ಭಾನುವಾರ ಬೆಳಿಗ್ಗೆ ಆ ಪೊದೆಗೆ ಬಿಡುವೇ ಇಲ್ಲ. ಗಂಡು ಸ್ಪೀಕರಿನ ಜೊತೆ ಜಗಳಕ್ಕೆ ನಿಲ್ಲುತ್ತದೆ. ತುಳಿದಾಡಿದ ಗಿಡಗಳ ನಡುವೆ ಹರಟೆಮಲ್ಲದ ಗೂಡು ಬಯಲಾಗುತ್ತದೆ, ಮರುದಿನ ಕೆಂಬೂತ ಬಂದು ಮೊಟ್ಟೆ ಮರಿ ಎಲ್ಲವನ್ನೂ ಮುಗಿಸುತ್ತದೆ. ಫೋಟೊ ಮಾತ್ರ ಚೆನ್ನಾಗಿ ಬಂದಿರುತ್ತದೆ. ಕೆಳಗೆ ಬರೆದಿರುತ್ತಾರೆ, ಮಳೆಗಾಗಿ ಕಾದ ಚಾತಕ ಎಂದು. ಕಾಯುವುದನ್ನು ಕಲಿಯಲೊಲ್ಲದವರು ಹೇಗಾದರೂ ಆ ಮಾತು ಬರೆಯುತ್ತಾರೋ ನನಗೆ ತಿಳಿಯದು. ಸ್ಪೀಕರ್ ಇಟ್ಟು ಕರೆಸಿಕೊಂಡ ಹಕ್ಕಿಯನ್ನು ನೀವು ನೋಡಿದಂತಲ್ಲ. ಅದು ಅಲ್ಲಿಗೆ ಯಾಕೆ ಬಂತು, ಏನು ತಿಂದಿತು, ಯಾರ ಮನೆಗೆ ಹೊಂಚು ಹಾಕಿತು, ಇದ್ಯಾವುದೂ ಆ ಚಿತ್ರದಲ್ಲಿ ಇರುವುದಿಲ್ಲ.

ಉತ್ತರದ ಬಯಲಿನ ಒಂದು ಮರಿಯನ್ನು ನೆನೆದುಕೊಳ್ಳಿ. ಅದನ್ನು ಸಾಕಿದ ಹರಟೆಮಲ್ಲ ಜೀವಮಾನವೆಲ್ಲ ತನ್ನ ತೋಪಿನ ಸುತ್ತಮುತ್ತಲೇ ಕುಪ್ಪಳಿಸಿಕೊಂಡಿರುವ ಹಕ್ಕಿ. ಅದಕ್ಕೆ ಕಡಲು ಗೊತ್ತಿಲ್ಲ, ಆಫ್ರಿಕಾ ಗೊತ್ತಿಲ್ಲ. ಆ ಕೈತುತ್ತು ತಿಂದು ಬೆಳೆದ ಮರಿ, ಯಾರೂ ದಾರಿ ಹೇಳದಿದ್ದರೂ ಒಂದು ದಿನ ಪಡುವಣಕ್ಕೆ ಹೊರಡುತ್ತದೆ. ಮುಂದಿನ ಮುಂಗಾರಿಗೆ ಹಿಂದಿರುಗಿ ತನ್ನನ್ನು ಸಾಕಿದಂಥ ಇನ್ನೊಂದು ಮನೆಯನ್ನು ಹುಡುಕುತ್ತದೆ.

ಆ ಮನೆ ಇರಬೇಕಾದರೆ ಪೊದೆ ಇರಬೇಕು. ನಮ್ಮಲ್ಲಿ ಕೆರೆ ಅಭಿವೃದ್ಧಿ ಎಂದೊಡನೆ ಮೊದಲು ಬರುವುದು ಜೆಸಿಬಿ. ಏರಿಯ ಹಿಂದಿನ ಜಾಲಿ, ಕವಳಿ, ಬೋರೆ, ತಂಗಡಿ ಎಲ್ಲ ಒಂದೇ ಬೆಳಗಿಗೆ ಬೋಳಾಗಿ, ಆ ಜಾಗಕ್ಕೆ ಕಲ್ಲುಬೆಂಚೂ ಹುಲ್ಲುಹಾಸೂ ಬರುತ್ತವೆ. ಹುಲ್ಲುಹಾಸಿನಲ್ಲಿ ಹರಟೆಮಲ್ಲ ಗೂಡು ಕಟ್ಟುವುದಿಲ್ಲ, ಹರಟೆಮಲ್ಲ ಇಲ್ಲದೆಡೆ ಚಾತಕಕ್ಕೆ ಕೆಲಸವಿಲ್ಲ. ಮುಳ್ಳುಗಿಡವನ್ನು ಕಸ ಎಂದು ಕರೆಯುವವರಿಗೆ ಯಾರಾದರೂ ಇದನ್ನು ಗಟ್ಟಿಯಾಗಿ ಹೇಳಬೇಕು.

ಹಾಗಾಗಿ ಓದುಗರಲ್ಲಿ ನನ್ನದು ಒಂದು ಕೋರಿಕೆ. ನಿಮ್ಮ ಊರಿನ ಕೆರೆ ಹಿಂದಿನ ಪೊದೆ ಸವರಲು ಮಳೆಗಾಲದಲ್ಲಿ ಯಾರಾದರೂ ಬಂದರೆ, ಅಲ್ಲಿ ಹರಟೆಮಲ್ಲಗಳ ಗೂಡಿದೆ, ದೀಪಾವಳಿ ಕಳೆಯುವವರೆಗೆ ತಡೆಯಿರಿ ಎಂದು ಹೇಳಿ. ಆಮೇಲೂ ಪೂರಾ ಕೀಳಬೇಡಿ, ಅರ್ಧವಾದರೂ ಬಿಡಿ ಎಂದು ಪಂಚಾಯಿತಿಯವರನ್ನು ಕೇಳಿ.