ಇಲ್ಲದ ಕೈಯ ನೋವು

ಗೋಕಾಕ ಜಲಪಾತದ ಬಳಿ 1887ರಲ್ಲಿಯೇ ವಿದ್ಯುತ್ ಉತ್ಪಾದನೆಯಾಗಿತ್ತು. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಸ್ಥಾಪನೆಯಾಯಿತು. ವಿಜ್ಞಾನದ ತರಗತಿಯಲ್ಲಿ ಇವೆರಡನ್ನೂ ನಾನು ಅಭಿಮಾನದಿಂದ ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಅದರ ಬೆನ್ನಿಗೇ ಗಾಲ್ವಾನಿಯ ಕಪ್ಪೆಯ ಕಥೆ ಬರುತ್ತಿತ್ತು. ಸತ್ತ ಕಪ್ಪೆಯ ನರಕ್ಕೆ ವಿದ್ಯುತ್ ತಾಗಿದರೆ ಕಾಲು ಅದುರುತ್ತದೆಂದು ಆತ 1791ರಲ್ಲಿ ಪ್ರಕಟಿಸಿದ್ದ. ಇಷ್ಟೆಲ್ಲ ಕಲಿಸಿದ ನಾನೇ ಒಮ್ಮೆ ನರದ ಮಾತನ್ನು ಸುಳ್ಳೆಂದೆ.

ಮೂಡಲಗಿ ಆಗ ಗೋಕಾಕ ತಾಲೂಕಿಗೇ ಸೇರಿತ್ತು. ಆ ಕಡೆಯ ನನ್ನ ವಿದ್ಯಾರ್ಥಿಯೊಬ್ಬನ ಬಲಗೈ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಮಣಿಕಟ್ಟಿನವರೆಗೆ ಹೋಯಿತು. ನೋಡಲು ಹೋದಾಗ, "ಸರ್, ಹೋದ ಕೈ ಮುಟಿಗಿ ಬಿಗದಂಗ ಆಗತೈತ್ರಿ, ಬಿಚ್ಚಾಕ ಬರವಲ್ದ್ರಿ" ಎಂದ. "ಇಲ್ಲದ ಕೈ ಹ್ಯಾಂಗ ನೋಯತೈತೋ ತಮ್ಮಾ? ಮನಸ್ಸಿನ ಭ್ರಮೆ ಅದು, ಧೈರ್ಯ ತಗೋ" ಎಂದೆ. ಅವನು ಮತ್ತೆಂದೂ ಆ ಮಾತೆತ್ತಲಿಲ್ಲ. ಧೈರ್ಯ ಬಂದಿತೆಂದು ನಾನು ತಿಳಿದೆ.

ನಿಜ ಸಂಗತಿ ಬೇರೆಯೇ ಇತ್ತು. ಸ್ಪರ್ಶದ ಸುದ್ದಿ ಒಯ್ಯುವ ನರತಂತುಗಳ ಜೀವಕೋಶಗಳಿರುವುದು ಕೈಯಲ್ಲಲ್ಲ, ಬೆನ್ನುಹುರಿಯ ಪಕ್ಕದಲ್ಲಿ. ಆದ್ದರಿಂದ ಕೈ ತುಂಡಾದರೂ ಉಳಿದ ನರ ಬದುಕಿರಬಲ್ಲದು. ಆ ತಂತಿಯ ನಡುವೆ ಎಲ್ಲಿ ಮಿಡಿದರೂ ಮಿದುಳು ಅದನ್ನು ಹಳೆಯ ಬೆರಳಿನಿಂದ ಬಂದ ಕರೆಯೆಂದೇ ಓದಿಕೊಳ್ಳುತ್ತದೆ.

ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಡಸ್ಟಿನ್ ಟೈಲರ್ ಮತ್ತು ಸಂಗಡಿಗರು ಇದನ್ನೇ ಬಳಸಿಕೊಂಡರು. ಕಾರ್ಖಾನೆಯ ಅಪಘಾತದಲ್ಲಿ ಬಲಗೈ ಕಳೆದುಕೊಂಡಿದ್ದ ಇಗೋರ್ ಸ್ಪೆಟಿಕ್ ಎಂಬವರ ತೋಳಿನ ನರಗಳ ಸುತ್ತ 2012ರಲ್ಲಿ ಪಟ್ಟಿಯಂಥ ವಿದ್ಯುದ್ವಾರಗಳನ್ನು ಅಳವಡಿಸಿದರು. ಕೃತಕ ಕೈಯ ಸಂವೇದಕಗಳು ಒತ್ತಡವನ್ನು ಗ್ರಹಿಸಿದಾಗ ನರಕ್ಕೆ ಸಣ್ಣ ಮಿಡಿತಗಳು ಹೋಗುತ್ತವೆ. ಒಂದೇ ಸಮನೆ ಮಿಡಿದರೆ ಬರಿಯ ಜುಮ್ಮೆನ್ನುವಿಕೆ. ಮಿಡಿತದ ಬಲವನ್ನು ಏರಿಳಿಸಿದಾಗ ಸಹಜ ಸ್ಪರ್ಶದ ಅನುಭವ. ಕಣ್ಣು ಕಟ್ಟಿಕೊಂಡೇ ಅವರು ಚೆರ್ರಿ ಹಣ್ಣನ್ನು ಹಿಸುಕದೆ ಹಿಡಿದು ತೊಟ್ಟು ಕಿತ್ತರು. 2014ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಓದುತ್ತ ನನ್ನ ಕೈ ತಡೆದದ್ದು ಬೇರೆಡೆ. ಸ್ಪೆಟಿಕ್‌ಗೂ ಹೋದ ಕೈ ಮುಷ್ಟಿ ಬಿಗಿದಂತೆ ನೋಯುತ್ತಿತ್ತಂತೆ. ಪ್ರಯೋಗ ನಡೆಯುತ್ತ ಆ ನೋವು ಬಹುಮಟ್ಟಿಗೆ ಅಡಗಿತಂತೆ. ಅದೇ ಮುಷ್ಟಿ!

ಮರುವಾರವೇ ಮೂಡಲಗಿಯ ಬಸ್ಸು ಹತ್ತಿದೆ. "ಅಂದು ನೀನು ಹೇಳಿದ್ದು ಖರೆ ಇತ್ತು, ತಪ್ಪಿದವನು ನಾನು" ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಮನ್ಯಾಗ ಯಾರಿಗೂ ಹೇಳೇ ಇಲ್ರಿ ಸರ್. ನೀವ ಭ್ರಮೆ ಅಂದ ಮ್ಯಾಲೆ ಯಾರಿಗೆ ಹೇಳ್ಲಿ?" ಎಂದ.

ಇಂಥ ಕೃತಕ ಕೈ ಇನ್ನೂ ಬಹುತೇಕ ಪ್ರಯೋಗದ ಹಂತದಲ್ಲಿದೆ. ಅವನಿಗೆ ಅದರ ಆಸೆ ಹಚ್ಚಲಿಲ್ಲ. ಆದರೆ ಈ ನೋವಿಗೆ ಔಷಧೋಪಚಾರವುಂಟೆಂದು ತಿಳಿಸಿ, ವೈದ್ಯರ ಬಳಿಗೆ ನಾನೇ ಜೊತೆಗೆ ಹೋದೆ. ನಿಮ್ಮ ಬಳಗದಲ್ಲಿ ಯಾರಾದರೂ ಇಲ್ಲದ ಕೈಕಾಲು ನೋಯುತ್ತದೆಂದರೆ, ದಯವಿಟ್ಟು ನನ್ನಂತೆ ಉತ್ತರಿಸಬೇಡಿ.