ತೆಂಗಿನ ಹೂವಿನ ಬೆಳಕು

1839ರ ಡಿಸೆಂಬರ್ ತಿಂಗಳ ಒಂದು ಕಗ್ಗತ್ತಲ ರಾತ್ರಿ. ಬ್ರೆಜಿಲ್ ದೇಶದ ಒಳನಾಡಿನಲ್ಲಿರುವ ನಾತಿವಿದಾದೆ ಎಂಬ ಊರಿನ ಬೀದಿಯಲ್ಲಿ ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ಜಾರ್ಜ್ ಗಾರ್ಡ್ನರ್ ನಡೆದು ಹೋಗುತ್ತಿದ್ದ. ಒಂದಷ್ಟು ಹುಡುಗರು ಏನೋ ಹೊಳೆಯುವ ವಸ್ತುವನ್ನು ಹಿಡಿದು ಆಡುತ್ತಿದ್ದರು. ದೊಡ್ಡ ಜಾತಿಯ ಮಿಂಚುಹುಳ ಇರಬೇಕೆಂದುಕೊಂಡ. ವಿಚಾರಿಸಿದರೆ ಹುಳುವಲ್ಲ, ಅಣಬೆ! ಊರಾಚೆ ಗಿಡ್ಡ ತಾಳೆಯ ಕೊಳೆತ ಗರಿಗಳ ಮೇಲೆ ಬೇಕಾದಷ್ಟು ಬೆಳೆಯುತ್ತಿತ್ತು. ಊರವರು ಅದನ್ನು 'ಫ್ಲೋರ್ ದೊ ಕೋಕೊ' ಎಂದು ಕರೆಯುತ್ತಿದ್ದರು. ತೆಂಗಿನ ಹೂ ಎಂದರ್ಥ. ಗಾರ್ಡ್ನರ್ ಮರುದಿನ ಬಹಳಷ್ಟು ಅಣಬೆಗಳನ್ನು ಸಂಗ್ರಹಿಸಿದ. ಕತ್ತಲೆ ಕೋಣೆಯಲ್ಲಿ ನಾಲ್ಕಾರು ಇಟ್ಟುಕೊಂಡರೆ ಓದಲು ಸಾಕಾಗುವಷ್ಟು ತಿಳಿಹಸಿರು ಬೆಳಕು ಬರುತ್ತದೆಂದು ಬರೆದ.

ಮರುವರ್ಷವೇ ಇಂಗ್ಲೆಂಡಿನ ಶಿಲೀಂಧ್ರತಜ್ಞ ಬರ್ಕ್ಲಿ ಅದಕ್ಕೆ 'ಅಗಾರಿಕಸ್ ಗಾರ್ಡ್ನೆರಿ' ಎಂದು ನಾಮಕರಣ ಮಾಡಿದ. ತೋರಿಸಿಕೊಟ್ಟವರು ಹುಡುಗರು, ಹೆಸರು ಮಾತ್ರ ಗಾರ್ಡ್ನರನದು. ಆತ ಮುಂದೆ ಸಿಂಹಳಕ್ಕೆ ಬಂದು ಪೆರಾದೆನಿಯ ಸಸ್ಯೋದ್ಯಾನದ ಮುಖ್ಯಸ್ಥನಾದ. 1845ರಲ್ಲಿ ನಮ್ಮ ಪಕ್ಕದ ನೀಲಗಿರಿಯಲ್ಲೂ ಗಿಡ ಹುಡುಕುತ್ತ ಅಲೆದ. 1849ರಲ್ಲಿ ನುವಾರಾ ಎಲಿಯಾದಲ್ಲಿ ತೀರಿಕೊಂಡ.

ಅಣಬೆಯ ಕಥೆ ಅಲ್ಲಿಗೇ ನಿಂತುಬಿಟ್ಟಿತು. ಮುಂದಿನ ನೂರಾ ಅರವತ್ತಕ್ಕೂ ಹೆಚ್ಚು ವರ್ಷ ಅದು ವಿಜ್ಞಾನಿಗಳ ಕೈಗೆ ಸಿಗಲಿಲ್ಲ.

ಊರ ಹುಡುಗರಿಗೆ ಆಟದ ಸಾಮಾನಾಗಿದ್ದದ್ದು ಪಂಡಿತರಿಗೆ ಸಿಗದೆ ಹೋದದ್ದು ಹೇಗೆ? ಸಸ್ಯತಜ್ಞರು ಕಾಡಿಗೆ ಹೋಗುವುದು ಹಗಲಿನಲ್ಲಿ. ಹಗಲಿನಲ್ಲಿ ಇದು ಮಾಸಲು ಹಳದಿಯ ಸಾಧಾರಣ ಅಣಬೆ. ಒಣಗಿಸಿಟ್ಟರೆ ಬೆಳಕು ಆರಿಹೋಗುತ್ತದೆ. ಅದನ್ನು ಕಾಣಬೇಕಾದರೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಹೋಗಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ತನಕ ಸುಮ್ಮನೆ ನಿಂತಿರಬೇಕು. ರಾತ್ರಿ ಕಾಡಿಗೆ ಕಾಲಿಟ್ಟ ಪಟ್ಟಣದವನು ಮೊದಲು ಮಾಡುವ ಕೆಲಸವೇ ಟಾರ್ಚು ಹಾಕುವುದು. ಹಾವಿನ ಭಯ ಇದ್ದೇ ಇದೆಯಲ್ಲ!

2005ರಲ್ಲಿ ಪಿಯೌಯಿ ರಾಜ್ಯದ ತಾಳೆ ಕಾಡಿನಲ್ಲಿ ಅದು ಮತ್ತೆ ಕಣ್ಣಿಗೆ ಬಿತ್ತು. ನೋಡಿದವರು ಅಣಬೆ ಹುಡುಕಿಕೊಂಡು ಹೋದವರೂ ಅಲ್ಲ, ಮಂಗಗಳ ಅಧ್ಯಯನಕ್ಕೆಂದು ಹೋದವರು. ಸಾವೊ ಪಾವ್ಲೊ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಕಾಸಿಯಸ್ ಸ್ತೆವಾನಿ ಮತ್ತು ಸಂಗಡಿಗರು ಅದರ ಬೆನ್ನು ಹತ್ತಿದರು. 2011ರಲ್ಲಿ ಅದಕ್ಕೆ 'ನಿಯೊನೋಥೊಪಾನಸ್ ಗಾರ್ಡ್ನೆರಿ' ಎಂಬ ಹೊಸ ಹೆಸರು ಬಂತು.

ಹೆಸರಿರುವ ಸುಮಾರು ಒಂದೂವರೆ ಲಕ್ಷ ಶಿಲೀಂಧ್ರಗಳಲ್ಲಿ ಬೆಳಗುವುವು ನೂರಕ್ಕೆ ಸ್ವಲ್ಪ ಹೆಚ್ಚು, ಅಷ್ಟೆ. ಬಹುಪಾಲು ಮೈಸೀನಾ ಬಳಗದ ಎಳೆಯಂಥ ಸಣ್ಣ ಅಣಬೆಗಳು. ಕೆಲವಕ್ಕೆ ಇಡೀ ಮೈ ಬೆಳಕು. 2020ರಲ್ಲಿ ಮೇಘಾಲಯದಿಂದ ವರದಿಯಾದ ಒಂದು ಜಾತಿಗೆ ಕಾಂಡದಲ್ಲಿ ಮಾತ್ರ, ಕೊಡೆ ಕತ್ತಲೆ. ಅದು ಬೆಳೆಯುವುದು ಸತ್ತ ಬಿದಿರಿನ ಮೇಲೆ. ಸ್ಥಳೀಯರು ಆ ಬಿದಿರ ತುಂಡನ್ನೇ ಹಿಡಿದು ರಾತ್ರಿ ಕಾಡಿನಲ್ಲಿ ದಾರಿ ನೋಡಿಕೊಳ್ಳುತ್ತಿದ್ದರು. ಇನ್ನು ಕೆಲವು ಜಾತಿಗಳಲ್ಲಿ ಬೆಳಗುವುದು ಮರದೊಳಗೆ ಹಬ್ಬಿದ ಬಿಳಿ ಎಳೆಗಳು. ಪಶ್ಚಿಮ ಘಟ್ಟದ ಮಳೆಗಾಲದಲ್ಲಿ ಲಡ್ಡು ಹಿಡಿದ ಕಟ್ಟಿಗೆ ಮಿನುಗುವುದು ಹೀಗೆ.

ಜಾತಿ ಯಾವುದಾದರೂ ಬೆಳಕು ಹಸಿರೇ. ಒಂದು ಜಾತಿಯ ಲ್ಯೂಸಿಫೆರಿನ್ ತೆಗೆದು ಇನ್ನೊಂದರ ಕಿಣ್ವದೊಡನೆ ಬೆರೆಸಿದರೂ ಬೆಳಕು ಬರುತ್ತದೆ. ಅಂದರೆ ಒಲೆ ಬೇರೆ ಬೇರೆ, ಅಡುಗೆ ಒಂದೇ. ಮೂಲವಸ್ತು ಕೆಫೀಕ್ ಆಮ್ಲ. ಹೆಸರಿಗೆ ಕಾಫಿಯ ವಾಸನೆ ಇದ್ದರೂ ಇದು ಕೆಫೀನ್ ಅಲ್ಲ, ಗಿಡಗಳಲ್ಲೆಲ್ಲ ಇರುವಂಥದ್ದು. ಅದರಿಂದ ಹಿಸ್ಪಿಡಿನ್, ಹಿಸ್ಪಿಡಿನ್‌ನಿಂದ ಲ್ಯೂಸಿಫೆರಿನ್, ಅದಕ್ಕೆ ಆಮ್ಲಜನಕ ಸೇರಿದಾಗ ಬೆಳಕು. ಇದಕ್ಕೆ ಬೇಕಾದ ಜೀನುಗಳು 2018ರಲ್ಲಿ ಪತ್ತೆಯಾದವು.

ಸರಿ, ಯಾಕೆ ಬೆಳಗಬೇಕು? ಸ್ತೆವಾನಿ ತಂಡ ರಾಳದಿಂದ ಅಣಬೆಯ ಗೊಂಬೆಗಳನ್ನು ಮಾಡಿ, ಕೆಲವದರೊಳಗೆ ಹಸಿರು ಎಲ್‌ಇಡಿ ಇಟ್ಟು, ಮೇಲೆ ಅಂಟು ಬಳಿದು ರಾತ್ರಿ ಕಾಡಿನಲ್ಲಿಟ್ಟಿತು. ಬೆಳಗಿದ ಗೊಂಬೆಗಳಿಗೆ ಜೀರುಂಡೆ, ನೊಣ, ಕಣಜ, ಇರುವೆಗಳು ಹೆಚ್ಚಾಗಿ ಅಂಟಿಕೊಂಡವು. ತಾಳೆ ಮರಗಳ ಬುಡದಲ್ಲಿ ಗಾಳಿ ಅಷ್ಟಾಗಿ ಆಡುವುದಿಲ್ಲ. ಬೀಜಕಣ ಹೊತ್ತೊಯ್ಯಲು ಹುಳುಗಳೇ ಬೇಕು. ಅಣಬೆಯೊಳಗೊಂದು ಗಡಿಯಾರವೂ ಇದೆ. ಹಗಲಿನಲ್ಲಿ ಬೆಳಕನ್ನು ತಗ್ಗಿಸಿ ರಾತ್ರಿ ಏರಿಸುತ್ತದೆ. 2015ರಲ್ಲಿ ಇದೆಲ್ಲ ಪ್ರಕಟವಾದಾಗ ಒಗಟು ಬಿಡಿಸಿತೆಂದೇ ಎಲ್ಲರೂ ಅಂದುಕೊಂಡರು. ಮರುವರ್ಷ ಆಸ್ಟ್ರೇಲಿಯಾದ 'ಭೂತದ ಅಣಬೆ'ಯ ಮೇಲೆ ನಡೆದ ಪರೀಕ್ಷೆಯಲ್ಲಿ ಹುಳುಗಳು ಬೆಳಕಿಗೆ ಸೊಪ್ಪೇ ಹಾಕಲಿಲ್ಲ. ಆ ಅಣಬೆ ಹಗಲೂ ರಾತ್ರಿ ಒಂದೇ ಸಮ ಬೆಳಗುತ್ತದೆ. ಅಲ್ಲಿ ಬೆಳಕು ಬರೀ ದೇಹವ್ಯಾಪಾರದ ಉಳಿಕೆ ಇದ್ದರೂ ಇರಬಹುದು. ಎಲ್ಲ ದೀಪಕ್ಕೂ ಒಂದೇ ಕಾರಣ ಇರಬೇಕೆಂದು ಹಟ ಹಿಡಿಯುವುದು ಮನುಷ್ಯನ ಚಾಳಿ.

ಗಾರ್ಡ್ನರನ ಅಣಬೆಯ ಹತ್ತಿರದ ಸಂಬಂಧಿಯೊಂದು ವಿಯೆಟ್ನಾಮಿನ ಕಾಡಿನಲ್ಲಿದೆ. ಅದರ ಜೀನುಗಳನ್ನು ಸೇರಿಸಿ 2020ರಲ್ಲಿ ತಂಬಾಕಿನ ಗಿಡ ಬೆಳಗಿಸಿದರು. 2024ರಲ್ಲಿ ಹೊಳೆಯುವ ಪಿಟೂನಿಯಾ ಹೂಗಿಡ ಅಮೆರಿಕದಲ್ಲಿ ಮಾರಾಟಕ್ಕೇ ಬಂತು. ಅಲ್ಲಿ ಈಗ ದುಡ್ಡು ಕೊಟ್ಟರೆ ಮನೆಯ ಕುಂಡದಲ್ಲೇ ಬೆಳಕು.

ಅತ್ತ ನಾತಿವಿದಾದೆ ಇರುವ ತೊಕಾಂತಿನ್ಸ್, ಅಣಬೆ ಮತ್ತೆ ಸಿಕ್ಕಿದ ಪಿಯೌಯಿ, ಎರಡೂ ರಾಜ್ಯಗಳಲ್ಲಿ ಸೋಯಾ ಹೊಲಗಳು ಹಬ್ಬುತ್ತಿವೆ. ತೆಂಗಿನ ಹೂವಿಗೆ ಸೋಯಾ ಹೊಲ ಸಾಲದು. ಅದಕ್ಕೆ ತಾಳೆಯ ಮರ ಬೇಕು, ಮರದಿಂದ ಬಿದ್ದ ಗರಿ ಬೇಕು, ಆ ಗರಿ ಬಿದ್ದಲ್ಲೇ ಕೊಳೆಯಲು ಯಾರಾದರೂ ಬಿಡಬೇಕು.