ಒಳ್ಳೆಮೆಣಸು

ನಮ್ಮ ಅಜ್ಜಿ ಆಗುಂಬೆ ಘಾಟಿ ಹತ್ತಿ ಬಂದ ಹೆಣ್ಣು. ಕೊಪ್ಪ ತಾಲ್ಲೂಕಿನ ಅಂಚಿನಲ್ಲಿರುವ ನಮ್ಮ ಮನೆಗೆ ಸೊಸೆಯಾಗಿ ಬಂದು, ಆರು ಮಕ್ಕಳನ್ನು ಹೆತ್ತು, ಅತ್ತೆಯ ಕೊನೆಗಾಲಕ್ಕೆ ಗಂಜಿ ಕುಡಿಸಿ, ಸುಗ್ಗಿಯಲ್ಲಿ ಅಡಿಕೆ ಸುಲಿಯುವವರ ನಡುವೆ ಯಜಮಾನಿಕೆ ಮಾಡಿದ ಮೇಲೂ ನೆಂಟರ ಬಾಯಲ್ಲಿ ಅವಳು ‘ಘಟ್ಟದ ಕೆಳಗಿನವಳು’ ಆಗಿಯೇ ಉಳಿದಳು. ಹುಳಿಗೆ ಕಾಯಿ ಜಾಸ್ತಿ ಬಿತ್ತೆಂದರೆ ಅದು ಘಟ್ಟದ ಕೆಳಗಿನ ಕೈ. ಸಂತೆಯಿಂದ ಬಂದವರ ಹತ್ತಿರ ಚಿಲ್ಲರೆ ಲೆಕ್ಕ ಕೇಳಿದಳೆಂದರೆ ಅದು ಘಟ್ಟದ ಕೆಳಗಿನ ಬುದ್ಧಿ. ತವರಿಗೆ ಹೋದರೆ ಅಲ್ಲಿ ಇನ್ನೊಂದು ಪಾಡು: ‘ಬಂದಳಪ್ಪಾ ಘಟ್ಟದವಳು, ಒಲೆ ಮುಂದೆ ಕೂತರೆ ಏಳುವವಳಲ್ಲ.’ ಕೆಳಗೆ ಮೇಲಿನವಳು, ಮೇಲೆ ಕೆಳಗಿನವಳು. ಅವಳ ನಿಜವಾದ ಊರು ಘಾಟಿಯ ಯಾವುದೋ ತಿರುವಿನಲ್ಲೇ ಇದ್ದಿರಬೇಕು.

ಈ ಪಾಡಿನಿಂದ ಅವಳನ್ನು ಪಾರು ಮಾಡಿದ್ದು ಮರಗೆಣಸು.

ನರಸಿಂಹರಾಜಪುರದ ಕಡೆ ಮಲೆಯಾಳಿಗಳು ಬಂದು, ಗುಡ್ಡ ಕೊಂಡು, ರಬ್ಬರು ಹಾಕುತ್ತಿದ್ದ ಕಾಲ ಅದು. ನಮ್ಮ ಬೇಲಿಯಾಚೆಗೂ ಒಂದು ಸಂಸಾರ ಬಂದಿಳಿಯಿತು. ಒಂದೇ ಮಳೆಗಾಲದಲ್ಲಿ ಗುಡ್ಡದ ತುಂಬ ಹಸ್ತ ಬಿಡಿಸಿದಂಥ ಎಲೆಗಳ ಗಿಡ ಎದ್ದು ನಿಂತವು. ಅಜ್ಜಿ ಜಗಲಿಯಲ್ಲಿ ಕೂತು ತೀರ್ಪು ಕೊಟ್ಟಳು: ‘ಮಲೆಯಾಳದವರು. ಕಟ್ಟಿಗೆ ತಿಂತಾರೆ, ಮಾಟ ಮಾಡ್ತಾರೆ. ನಮ್ಮ ಊರಲ್ಲಿ ಇಂಥದ್ದೆಲ್ಲ ಇರಲಿಲ್ಲ.’

‘ನಮ್ಮ ಊರು’ ಎಂದು ಅವಳು ಹೇಳಿದ್ದನ್ನು ನಾವು ಕೇಳಿದ್ದು ಅದೇ ಮೊದಲು. ಹಾಗೆ ನೋಡಿದರೆ ಆ ಪೇಟೆಯ ಹೆಸರೂ ಹೊಸದೇ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಇಟ್ಟುಕೊಳ್ಳುವ ಮೊದಲು ಅದು ಎಡೇಹಳ್ಳಿ.

ಅಜ್ಜಿ ಕಟ್ಟಿಗೆ ಎಂದ ಆ ಗೆಡ್ಡೆ ಅವಳಿಗಿಂತ ದೂರದ ಘಾಟಿಗಳನ್ನು ಹತ್ತಿಳಿದು ಬಂದದ್ದು. ಅದರ ತವರು ದಕ್ಷಿಣ ಅಮೆರಿಕ. ಪೋರ್ಚುಗೀಸರ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂತು. 1880ರಿಂದ 1885ರವರೆಗೆ ತಿರುವಾಂಕೂರನ್ನು ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಬಡವರ ಹೊಟ್ಟೆಗಾಗಲೆಂದು ಅದನ್ನು ಬೆಳೆಯಲು ಹಚ್ಚಿದರು. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಾಗ ತಿರುವಾಂಕೂರಿನ ಬಡವರ ಜೀವ ಹಿಡಿದದ್ದು ಈ ಗೆಡ್ಡೆಯೇ. ಆ ಹಸಿವು, ತುಂಡು ತುಂಡಾದ ಹಿಡುವಳಿ, ಎರಡೂ ಸೇರಿ ಅಲ್ಲಿನ ರೈತರನ್ನು ಮಲಬಾರಿನ ಗುಡ್ಡಗಳಿಗೆ ಕಳಿಸಿದವು. ಆಮೇಲೆ ಒಂದಷ್ಟು ಜನ ನಮ್ಮ ಮಲೆನಾಡಿಗೂ ಬಂದರು. ಬರುವಾಗ ಮರಗೆಣಸಿನ ಕೋಲುಗಳನ್ನು ಕಟ್ಟಿಕೊಂಡೇ ಬಂದರು. ಗೇಣುದ್ದ ಕೋಲು ಚುಚ್ಚಿದರೆ ಚಿಗುರುವ ಬೆಳೆ ಅದು. ವಲಸೆ ಹೋಗುವವರಿಗೆಂದೇ ಹೇಳಿ ಮಾಡಿಸಿದ್ದು.

ಆಚೆಮನೆಯ ಹೆಂಗಸು ನಮಗೆಲ್ಲ ಚೇಚಿ. ಅವಳ ಅಡುಗೆಮನೆಗೆ ನಾನು ಕದ್ದು ಹೋಗುತ್ತಿದ್ದೆ. ಮಣ್ಣುಬಣ್ಣದ ಸಿಪ್ಪೆ, ಅದರೊಳಗೆ ನಸುಗೆಂಪು ತೊಗಟೆ, ಅದನ್ನೂ ಸುಲಿದರೆ ಹಾಲುಬಿಳಿ. ತುಂಡು ಮಾಡಿ ಕುದಿಸಿ, ನೀರನ್ನು ಪೂರ್ತಿ ಬಸಿದು ಚೆಲ್ಲುತ್ತಿದ್ದಳು. ಗೆಡ್ಡೆಯಲ್ಲಿರುವ ವಿಷ ಆ ನೀರಿನೊಂದಿಗೆ ಹೋಗಬೇಕು. ಆಮೇಲೆ ಕಲ್ಲಿನಲ್ಲಿ ಸಣ್ಣ ಈರುಳ್ಳಿ, ಉಪ್ಪು, ಕಾಂದಾರಿ ಮುಳಕು ಜಜ್ಜಿ, ಮೇಲೆ ಹಸಿ ತೆಂಗಿನೆಣ್ಣೆ. ಕಾಂದಾರಿ ಎಂದರೆ ಬೇರೆ ಏನೂ ಅಲ್ಲ, ನಮ್ಮ ಸೂಜಿಮೆಣಸೇ. ಬಿಸಿ ಗೆಡ್ಡೆಯ ಹೋಳನ್ನು ಅದಕ್ಕೆ ಒತ್ತಿ ಬಾಯಿಗಿಟ್ಟರೆ ಕಣ್ಣು, ಮೂಗು, ಕಿವಿ ಎಲ್ಲ ಒಟ್ಟಿಗೇ ಮಲೆಯಾಳ ಮಾತಾಡುತ್ತಿದ್ದವು.

ಚೇಚಿಯ ಗಂಡ ಅಜ್ಜಿಯನ್ನು ಕೆಣಕುವುದರಲ್ಲಿ ನಿಸ್ಸೀಮ. ‘ಅಮ್ಮಾ, ನಿಮ್ಮ ಶೃಂಗೇರಿ ಮಠ ಮಾಡಿದ್ದು ಯಾರು? ನಮ್ಮ ಕಾಲಡಿಯವರಲ್ವಾ?’ ಅಜ್ಜಿ ಬಿಡುವವಳೇ? ‘ಅವರೇನು ರಬ್ಬರು ಹಾಕೋಕೆ ಬಂದಿದ್ರಾ ಮಾರಾಯ?’ ಆದರೆ ಆ ಲೆಕ್ಕ ಒಂದೇ ಕಡೆಯದ್ದಲ್ಲ. ಕಾಲಡಿಯಲ್ಲಿ ಶಂಕರರಿಗೂ ಶಾರದೆಗೂ ಗುಡಿ ಎದ್ದು 1910ರಲ್ಲಿ ಪ್ರತಿಷ್ಠೆಯಾದದ್ದು ಶೃಂಗೇರಿಯ ಗುರುಗಳಾದ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತಿಗಳಿಂದ. ಪೆರಿಯಾರ್ ದಡದ ಹುಡುಗ ತುಂಗೆಯ ದಡಕ್ಕೆ ಬಂದ. ತುಂಗೆಯ ದಡದವರು ಹೋಗಿ ಪೆರಿಯಾರ್ ದಡದಲ್ಲಿ ಅವನ ಹುಟ್ಟೂರನ್ನು ಎತ್ತಿ ನಿಲ್ಲಿಸಿದರು.

ಒಂದು ಆಷಾಢದಲ್ಲಿ ಚೇಚಿಯ ಮಗುವಿಗೆ ಕೆಮ್ಮು ಹತ್ತಿತು. ಕೊಡೆ ಮಡಚಿ ಜಗಲಿಯಲ್ಲಿ ನಿಂತು ಕೇಳಿದಳು: ‘ಅಮ್ಮಾ, ನಲ್ಲಮುಳಕು ಉಂಟಾ?’

‘ಎಂಥದು?’

ಚೇಚಿ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯತ್ತ ಕೈ ತೋರಿಸಿ ಬಿಡಿಸಿ ಹೇಳಿದಳು: ‘ನಲ್ಲ… ಒಳ್ಳೆ… ಒಳ್ಳೆ ಮುಳಕು.’

ಅಜ್ಜಿ ಒಂದು ಗಳಿಗೆ ಸುಮ್ಮನಿದ್ದಳು. ಕಾಳುಮೆಣಸಿಗೆ ಅವಳ ತವರಿನಲ್ಲಿ ಅನ್ನುವುದು ಒಳ್ಳೆಮೆಣಸು. ತುಳುವರ ಬಾಯಲ್ಲಿ ಎಡ್ಡೆ ಮುಂಚಿ, ಅದೂ ಒಳ್ಳೆಯ ಮೆಣಸೇ. ಮದುವೆಯಾಗಿ ಬಂದ ಹೊಸದರಲ್ಲಿ ಇಲ್ಲಿ ಆ ಮಾತಾಡಿ, ‘ಹಂಗಾದ್ರೆ ಕೆಟ್ಟಮೆಣಸು ಯಾವುದೇ?’ ಎಂದು ನಗಿಸಿಕೊಂಡು, ಬಾಯಿಂದಲೇ ಅಳಿಸಿಹಾಕಿದ್ದಳು. ನಲವತ್ತು ವರ್ಷದ ಮೇಲೆ ಅವಳ ಶಬ್ದ ಅವಳನ್ನು ಹುಡುಕಿಕೊಂಡು ಬಂದಿತ್ತು, ಅದೂ ಕಟ್ಟಿಗೆ ತಿನ್ನುವವರ ಬಾಯಲ್ಲಿ. ಒಳಗೆ ಹೋಗಿ ಒಂದು ಪಾವು ಅಳೆದು ತಂದಳು. ಚಿಲ್ಲರೆ ಲೆಕ್ಕ ಕೇಳಲಿಲ್ಲ.

ಅಂದಿನಿಂದ ಆ ಶಬ್ದ ನನ್ನ ತಲೆಯಲ್ಲಿ ಕೂತಿದೆ. ಕಾಳುಮೆಣಸು ಈ ಘಟ್ಟದ ಸ್ವಂತ ಮಗು. ಮರಗೆಣಸು ಬಂದ ಖಂಡದಿಂದಲೇ, ಅದೇ ಪರಂಗಿಯವರ ಹಡಗಿನಲ್ಲೇ ಮೆಣಸಿನಕಾಯಿ ಬಂದು ಅದರ ಹೆಸರನ್ನೇ ಹಾಕಿಕೊಂಡು ಕೂತಿತು. ಮನೆಯ ಮಗು ‘ಕಾಳು’ ಎಂದೋ ‘ಒಳ್ಳೆ’ ಎಂದೋ ಹೆಸರಿನ ಹಿಂದೆ ಗುರುತು ಅಂಟಿಸಿಕೊಳ್ಳಬೇಕಾಯಿತು. ಇನ್ನೊಂದು ಬರುವವರೆಗೆ ಯಾರಾದರೂ ಇದನ್ನು ಒಳ್ಳೆಯದೆನ್ನಬೇಕಾಗಿತ್ತೇ? ಚೇಚಿ ಬರುವವರೆಗೆ ಅಜ್ಜಿಯೂ ಈ ಊರಿನವಳಾಗಿರಲಿಲ್ಲ.

ಅಜ್ಜಿ ಈಗಿಲ್ಲ. ಚೇಚಿಗೆ ವಯಸ್ಸಾಗಿದೆ, ಮೊಮ್ಮಕ್ಕಳು ಕನ್ನಡದಲ್ಲೇ ಜಗಳವಾಡುತ್ತಾರೆ. ಹೋದ ಸಲ ಹೋದಾಗ ಅವಳ ತೋಟದಲ್ಲಿ ಅಸ್ಸಾಮಿನ ಹುಡುಗರು ಕೆಲಸಕ್ಕಿದ್ದರು. ಚೇಚಿ ಜಗಲಿಯಲ್ಲಿ ಕೂತು ಗೊಣಗಿದಳು: ‘ಸಾಸಿವೆ ಎಣ್ಣೆ ವಾಸನೆ, ತಲೆ ನೋವು ಬರ್ತದೆ. ನಮ್ಮ ಊರಲ್ಲಿ ಇಂಥದ್ದೆಲ್ಲ ಇರಲಿಲ್ಲ.’ ರಾಗ ಕೂಡ ಅಜ್ಜಿಯದೇ.

ಅವರಲ್ಲೊಬ್ಬ ಊಟಕ್ಕೆ ಕೂರುವ ಮೊದಲು ಬೇಲಿಯ ಸೂಜಿಮೆಣಸು ನಾಲ್ಕು ಕಿತ್ತುಕೊಂಡ. ನಿಮ್ಮಲ್ಲಿ ಇದಕ್ಕೇನಂತಾರೆ ಎಂದು ಕೇಳಿದೆ. ‘ಜಲಕಿಯಾ’ ಎಂದ. ಅಡಿಕೆ ಮರದ ಬಳ್ಳಿ ತೋರಿಸಿ ಅದಕ್ಕೆ ಎಂದೆ. ಒಂದು ಕಾಳು ಕಿತ್ತು ಕಚ್ಚಿ ನೋಡಿ, ಹಳೇ ಪರಿಚಯದವರನ್ನು ಕಂಡಂತೆ ನಕ್ಕ.

‘ಜಾಲುಕ್.’